ಸಮೂಹಕಾರ್ಯ: ರಾಜದ್ವಾರದಲ್ಲಿ ನಗರದ ವಿಜ್ಞಾಪನೆ

'ಶಾಸನ'ವೆಂಬ ಶಬ್ದಕ್ಕೆ ಕನ್ನಡದಲ್ಲಿ ಈಗ ಎರಡು ಅರ್ಥಗಳು ರೂಢವಾಗಿವೆ. ಶಿಲೆಯಲ್ಲಿಯೋ ತಾಮ್ರಪಟದಲ್ಲಿಯೋ ಕೆತ್ತಿದ ರಾಜಾಜ್ಞೆಯು ಒಂದು. ವಿಧಾನಮಂಡಲವು ರಚಿಸುವ ಕಾನೂನು ಇನ್ನೊಂದು. ಎರಡಕ್ಕೂ ಸಮಾನವಾದ ಅಂಶವೊಂದುಂಟು. ನಗರವು ತನಗೆ ಬೇಕಾದ ಕಟ್ಟಳೆಯನ್ನು ಸಂಪೂರ್ಣವಾಗಿ ತಾನೇ ಮಾಡಿಕೊಳ್ಳಲಾರದು; ಪ್ರಭುತ್ವದಿಂದ ಅದನ್ನು ಪಡೆಯಬೇಕು. ಪಡೆಯಬೇಕಾದರೆ ನಗರದ ಪರವಾಗಿ ಯಾರಾದರೂ ರಾಜದ್ವಾರಕ್ಕೆ ಹೋಗಬೇಕು. ಹಾಗೆ ಹೋಗುವವನು ಎಂತಹವನಾಗಿರಬೇಕು, ಅಲ್ಲಿ ಅವನು ಪಡೆದುದು ಯಾರಿಗೆ ಸೇರತಕ್ಕುದು ಎಂಬುದನ್ನು ಧರ್ಮಶಾಸ್ತ್ರಕಾರರು ವಿಶದವಾಗಿ ವಿಚಾರಿಸಿರುವರು.

ನಗರವೊಂದು ಪ್ರಭುತ್ವದಿಂದ ಪಡೆದ ಕಟ್ಟಳೆಗೆ ಕರ್ಣಾಟಕದಲ್ಲಿ ಪ್ರಾಚೀನವಾದ ನಿದರ್ಶನವಿದೆ. ಪುಲಿಗೆರೆಯಲ್ಲಿ, ಎಂದರೆ ಇಂದಿನ ಲಕ್ಷ್ಮೇಶ್ವರದಲ್ಲಿ ದೊರೆತ, ಕ್ರಿ. ಶ. ಸುಮಾರು 725ರ ಕನ್ನಡ ಶಾಸನವೇ ಅದು. ಬಾದಾಮಿಯ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಅಲ್ಲಿಯ ಮಹಾಜನರಿಗೂ, ನಗರಕ್ಕೂ, 18 ಪ್ರಕೃತಿಗಳಿಗೂ ಆಚಾರವ್ಯವಸ್ಥೆಯನ್ನು ಕೊಟ್ಟನೆಂದು ಅದರಲ್ಲಿ ಹೇಳಿದೆ. ರಾಜಪುರುಷರು ನಿವಾಸಿಗಳಿಲ್ಲದ ಮನೆಗಳನ್ನೂ, ರಾಜದತ್ತಿಯನ್ನೂ, ತಾಮ್ರಶಾಸನಗಳನ್ನೂ, ಮೊದಲಿನಿಂದ ನಡೆದುಬಂದ ಭುಕ್ತಿಯನ್ನೂ ರಕ್ಷಿಸತಕ್ಕದ್ದು. ಒಕ್ಕಲುಗಳು ತಮ್ಮ ತಮ್ಮ ಸ್ಥಿತಿಗೆ ತಕ್ಕಂತೆ 10, 7, 5, 3 ಪಣಗಳನ್ನು ತೆರತಕ್ಕದ್ದು. ಪ್ರಜೆಗಳ ಋಣದೊಡನೆ ಅಧಿಕಾರಿಗಳ ಋಣವೂ ಒಂದೇ ಕಲ್ಲಿನಲ್ಲಿ ಬರೆಯಲ್ಪಟ್ಟಿರುವುದು ಇಲ್ಲಿಯ ವಿಶೇಷ. ಆದರೆ ಇದು ಫಲವನ್ನು ಹೇಳುವ ಲೇಖ. ಇಂತಹ ಫಲವನ್ನು ಸಾಧಿಸುವ ಮಾರ್ಗವನ್ನು ಸ್ಮೃತಿಗಳಲ್ಲಿ ನೋಡಬೇಕು.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ 'ಸಂವಿದ್ವ್ಯತಿಕ್ರಮ'ವೆಂಬ ಪ್ರಕರಣವಿದೆ. ಸಂವಿತ್ತು ಎಂದರೆ ಸಮೂಹವು ಮಾಡಿಕೊಂಡ ಕಟ್ಟುಪಾಡು. ಅದನ್ನು ಮೀರುವುದೇ ವ್ಯತಿಕ್ರಮ. ಈ ಪ್ರಕರಣದಲ್ಲಿ ಸಮೂಹಕಾರ್ಯಕ್ಕಾಗಿ ಬಂದವರ ವಿಷಯ ಹೀಗಿದೆ: ರಾಜನು ಅವರ ಕಾರ್ಯವನ್ನು ನೆರವೇರಿಸಿ, ದಾನಮಾನಸತ್ಕಾರಗಳಿಂದ ಪೂಜಿಸಿ, ಕಳುಹಿಸಿಕೊಡಬೇಕು. ಆದುದರಿಂದ ವಿಜ್ಞಾಪನೆಗಾಗಿ ಬಂದವರನ್ನು ಗೌರವಿಸುವುದು ರಾಜನಿಗೆ ಕೇವಲ ದಾಕ್ಷಿಣ್ಯವಲ್ಲ, ಧರ್ಮ.

ಅದರ ಬೆನ್ನಿಗೇ ದೂತನ ವಿಷಯವಾದ ನಿಯಮವು ಬರುತ್ತದೆ. ಸಮೂಹಕಾರ್ಯಕ್ಕಾಗಿ ಕಳುಹಲ್ಪಟ್ಟವನು ತನಗೆ ದೊರೆತುದನ್ನು ಸಮೂಹಕ್ಕೆ ಒಪ್ಪಿಸಬೇಕು. ತಾನಾಗಿ ಒಪ್ಪಿಸದಿದ್ದರೆ ಅದರ 11 ಮಡಿಯನ್ನು ತೆರಬೇಕು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಇದನ್ನು ಇನ್ನೂ ಬಿಡಿಸಿರುವನು. ಮಹಾಜನರಿಂದ ಪ್ರೇರಿತನಾದವನು ರಾಜನ ಬಳಿಯಲ್ಲಿ ಹೊನ್ನು, ವಸ್ತ್ರ ಮೊದಲಾದುದನ್ನು ಪಡೆದರೆ, ಅವರು ಕೇಳುವುದಕ್ಕೆ ಮುಂಚೆಯೇ ಅವರಿಗೆ ನಿವೇದಿಸಬೇಕೆಂದು ಅವನ ವ್ಯಾಖ್ಯಾನ. ಲಂಚದ ಮಾತು ಹಾಗಿರಲಿ, ಪ್ರಕಟವಾಗಿ ಸಂದ ಉಡುಗೊರೆಯೂ ದೂತನದಲ್ಲ. ಸತ್ಕಾರವು ವ್ಯಕ್ತಿಗೆ ಸಂದಂತೆ ಕಂಡರೂ ಅದರ ಪಾತ್ರವು ಸಮೂಹವೇ. ರಾಜನ ಸತ್ಕಾರದಿಂದ ಪ್ರಸನ್ನನಾದ ದೂತನು ಊರಿನ ಮಾತನ್ನು ಮರೆತು ರಾಜನ ಮಾತನ್ನೇ ಊರಿಗೆ ತರಬಹುದು. ಈ ಅಪಾಯವನ್ನು ಶಾಸ್ತ್ರಕಾರರು ಕಂಡಿದ್ದರೆಂದು ಊಹಿಸುವುದು ಅಸಂಗತವಲ್ಲ.

ಅನಂತರ ಕಾರ್ಯಚಿಂತಕರ ಲಕ್ಷಣ: ಅವರು ಧರ್ಮಜ್ಞರೂ, ಶುಚಿಗಳೂ, ಲೋಭವಿಲ್ಲದವರೂ ಆಗಿರಬೇಕು. ಸಮೂಹದ ಹಿತವನ್ನು ಹೇಳುವ ಇಂತಹವರ ಮಾತನ್ನು ಎಲ್ಲರೂ ನಡೆಸಬೇಕು, ಮೀರಿದವನಿಗೆ ಪ್ರಥಮಸಾಹಸದಂಡ. ಇವರು ಇಬ್ಬರೋ, ಮೂವರೋ, ಐವರೋ ಇರಬೇಕೆಂದು ಬೃಹಸ್ಪತಿಯ ಮತ. ಬೇಡಿಕೆಗೂ ಮೇರೆಯುಂಟು. ರಾಜನಿಗೆ ಪ್ರತಿಕೂಲವಾದುದನ್ನೂ, ಪ್ರಕೃತಿಗಳಿಗೆ ಅನಭಿಮತವಾದುದನ್ನೂ, ಅರ್ಥಬಾಧಕವಾದುದನ್ನೂ ತಡೆಯಬೇಕೆಂದು ನಾರದನು ವಿಧಿಸಿರುವನು.

ಇದರಿಂದ ಪ್ರಾಚೀನನಗರಗಳಲ್ಲಿ ಶಾಸನಸಭೆಗಳೇ ಇದ್ದುವೆಂದು ಹೇಳಲಾಗದು. ಪೌರಜಾನಪದವೆಂಬುದು ಅಂತಹ ಸಭೆಯೆಂದು ಜಾಯಸ್ವಾಲರು 1924ರಲ್ಲಿ ಪ್ರತಿಪಾದಿಸಿದರು; ಅಳ್ತೇಕರರು ಅದನ್ನು ಒಪ್ಪಲಿಲ್ಲ. ಯಾಜ್ಞವಲ್ಕ್ಯನ ವಿಧಿಯೂ ಮೊದಲು ಪುರದಲ್ಲಿ ರಾಜನು ನೆಲೆಗೊಳಿಸಿದ ಬ್ರಾಹ್ಮಣಸಮೂಹವನ್ನು ಕುರಿತುದು. ಶ್ರೇಣಿ, ನೈಗಮ, ಪಾಷಂಡಿ, ಗಣಗಳಿಗೆ ಅದು ಅತಿದೇಶದಿಂದ ಅನ್ವಯಿಸುತ್ತದೆ. ಈ ಮಿತಿಯಲ್ಲಿಯೂ ಅದರ ಬೆಲೆ ಕುಗ್ಗುವುದಿಲ್ಲ.

ಸ್ವತಂತ್ರಭಾರತದಲ್ಲಿಯೂ ನಗರವು ಬೇಡುವ ಸ್ಥಾನದಲ್ಲಿಯೇ ಇದೆ. 1992ರ 74ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 12ನೆಯ ಅನುಸೂಚಿಯು ಸೇರಿತು. ಅದರಲ್ಲಿ ನಗರಯೋಜನೆ, ನೀರಿನ ಸರಬರಾಯಿ, ಆರೋಗ್ಯ, ನೈರ್ಮಲ್ಯ ಮೊದಲಾದ 18 ವಿಷಯಗಳಿವೆ. ಆದರೆ 243ಡಬ್ಲ್ಯು ಅನುಚ್ಛೇದದ ಪ್ರಕಾರ ಪೌರಸಂಸ್ಥೆಗಳಿಗೆ ಅಧಿಕಾರವನ್ನು ರಾಜ್ಯದ ವಿಧಾನಮಂಡಲವು ಕಾನೂನಿನ ಮೂಲಕ ಕೊಡಬಹುದೆಂದಿದೆಯೇ ಹೊರತು ಕೊಡಲೇಬೇಕೆಂದಿಲ್ಲ. ಹೀಗಿರುವಲ್ಲಿ ಯಾವ ಬೇಡಿಕೆಯು ಮೊದಲು, ಯಾವುದು ಅನಂತರ ಎಂದು ನಿರ್ಣಯಿಸಿ ಊರಿನ ಮಾತನ್ನು ಒಯ್ಯುವವರು ಅನಿವಾರ್ಯ. ಅವರು ಒಯ್ಯುವುದು ಊರಿನ ಹಿತವನ್ನೋ ತಮ್ಮ ಹಿತವನ್ನೋ ಎಂಬುದನ್ನು ಪರೀಕ್ಷಿಸಲು ಮಿತಾಕ್ಷರೆಯ ಒರೆಗಲ್ಲು ಇಂದಿಗೂ ಸಾಕು: ಹಿಂದಿರುಗಿ ಬಂದವನು, ಯಾರೂ ಕೇಳುವುದಕ್ಕೆ ಮುಂಚೆ, ತನಗೆ ದೊರೆತುದನ್ನೆಲ್ಲ ಮಹಾಜನರ ಮುಂದೆ ಇಟ್ಟನೇ?