ಇ-ಮೇಲ್ ಲಗತ್ತು ತೆರೆಯದಿದ್ದರೆ ಏನು ಮಾಡಬೇಕು?



ಶಾಖೆಗಳ ವರದಿ, ಕನ್ನಡ ಶಾಲೆಗಳ ಮನವಿ, ಸಮಾರಂಭದ ಆಮಂತ್ರಣ ಎಲ್ಲವೂ ಈಗ ಕಾಸರಗೋಡಿನಿಂದ ಸೊಲ್ಲಾಪುರಕ್ಕೆ, ಹೊಸೂರಿನಿಂದ ಆದೋನಿಗೆ ಇ-ಮೇಲ್‌ನಲ್ಲೇ ಹೋಗುತ್ತವೆ. ಕಳುಹಿಸಿದವರು ಪಿಡಿಎಫ್ ಲಗತ್ತಿಸಿದ್ದರೂ ಪಡೆದವರಿಗೆ ಕೆಲವೊಮ್ಮೆ ‘ವಿನ್‌ಮೇಲ್.ಡ್ಯಾಟ್’ ಎಂಬ ತೆರೆಯದ ಕಡತ ಕಾಣುತ್ತದೆ. ವೈರಸ್ ಇರಬೇಕೆಂದು ಅಳಿಸಿಬಿಡುವವರೂ ಉಂಟು. ಮನವಿ ಸಲ್ಲಿಸುವ ಕೊನೆಯ ದಿನ ಹೀಗಾದರೆ ಕಳುಹಿಸಿಯೂ ಕಳುಹಿಸದಂತೆಯೇ. ಆದ್ದರಿಂದ ಈ ವಿವರಣೆ ನೀಡುತ್ತಿದ್ದೇವೆ.

ಕಾರಣವೇನು?
ಮೈಕ್ರೋಸಾಫ್ಟ್ ಔಟ್‌ಲುಕ್ ತಂತ್ರಾಂಶದಲ್ಲಿ ಪತ್ರಕ್ಕೆ ಮೂರು ರೂಪಗಳಿವೆ: ಎಚ್‌ಟಿಎಂಎಲ್, ಪ್ಲೇನ್ ಟೆಕ್ಸ್ಟ್, ರಿಚ್ ಟೆಕ್ಸ್ಟ್. ರಿಚ್ ಟೆಕ್ಸ್ಟ್‌ನಲ್ಲಿ ಕಳುಹಿಸಿದಾಗ ಅಕ್ಷರ ವಿನ್ಯಾಸವನ್ನೂ ಲಗತ್ತುಗಳನ್ನೂ ಅದು ಟಿಎನ್‌ಇಎಫ್ ಎಂಬ ಒಂದೇ ಗಂಟಾಗಿ ಕಟ್ಟಬಹುದು. ಆ ಗಂಟನ್ನು ಔಟ್‌ಲುಕ್ ಬಿಚ್ಚಬಲ್ಲದು. ಬೇರೆ ಅನೇಕ ತಂತ್ರಾಂಶಗಳು ಬಿಚ್ಚಲಾರದೆ ಗಂಟನ್ನೇ ತೋರಿಸುತ್ತವೆ. ಒಳಗಿರುವ ಪಿಡಿಎಫ್ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ.

ಕಳುಹಿಸುವವರು
1. ಕಂಪ್ಯೂಟರಿನ ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಫೈಲ್, ಆಪ್ಷನ್ಸ್, ಮೇಲ್ ಎಂದು ಕ್ರಮವಾಗಿ ಹೋಗಿ, ಪತ್ರದ ರೂಪವನ್ನು ಎಚ್‌ಟಿಎಂಎಲ್‌ಗೆ ಬದಲಿಸಿ.
2. ಅದೇ ಪುಟದ ಕೆಳಭಾಗದಲ್ಲಿ, ರಿಚ್ ಟೆಕ್ಸ್ಟ್ ಪತ್ರಗಳು ಹೊರಗಿನವರಿಗೆ ಹೋಗುವಾಗ ಎಚ್‌ಟಿಎಂಎಲ್‌ಗೆ ಪರಿವರ್ತನೆಯಾಗುವಂತೆ ಆರಿಸಿ.
3. ಬಂದ ಪತ್ರಕ್ಕೆ ಉತ್ತರಿಸುವಾಗ ಅದರ ಹಳೆಯ ರೂಪವೇ ಮುಂದುವರಿಯಬಹುದು. ‘ಫಾರ್ಮ್ಯಾಟ್ ಟೆಕ್ಸ್ಟ್’ನಲ್ಲಿ ಒಮ್ಮೆ ನೋಡಿಕೊಳ್ಳಿ.

ಪಡೆದವರು
1. ಪರಿಚಿತರಿಂದ ಬಂದಿದ್ದರೆ ಅಳಿಸಬೇಡಿ. ಕಡತದ ಹೆಸರಿನ ಕೊನೆಗೆ ‘ಪಿಡಿಎಫ್’ ಎಂದು ಬದಲಿಸಿದರೂ ತೆರೆಯದು.
2. ಕಳುಹಿಸಿದವರಿಗೆ ಫೋನ್ ಮಾಡಿ, ಮೇಲಿನಂತೆ ರೂಪ ಬದಲಿಸಿ ಮತ್ತೆ ಕಳುಹಿಸಲು ತಿಳಿಸಿ.
3. ಈ ಗಂಟು ಬಿಚ್ಚುವ ಜಾಲತಾಣಗಳೂ ಇವೆ. ಆದರೆ ಸದಸ್ಯರ ವಿಳಾಸಪಟ್ಟಿ, ಆಧಾರ್ ಪ್ರತಿ, ಬ್ಯಾಂಕ್ ವಿವರಗಳಿರುವ ಕಡತಗಳನ್ನು ಅಪರಿಚಿತ ತಾಣಗಳಿಗೆ ಏರಿಸಬೇಡಿ.

ಇನ್ನೊಂದು ಮಾತು. ವರ್ಡ್ ಕಡತ ತೆರೆದುಕೊಂಡು, ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಇ-ಮೇಲ್‌ನ ದೋಷವಲ್ಲ. ನುಡಿ, ಬರಹಗಳ ಯೂನಿಕೋಡ್ ಅಲ್ಲದ ಹಳೆಯ ಫಾಂಟ್ ಆ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಹೀಗಾಗುತ್ತದೆ. ಪಿಡಿಎಫ್ ಮಾಡಿ ಕಳುಹಿಸಿದರೆ ಸಾಕು.

ಕಚೇರಿಗೆ ಅರ್ಜಿ ಕೊಟ್ಟಾಗ ನಕಲು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳುವುದು ನಮಗೆಲ್ಲ ರೂಢಿ. ಇ-ಮೇಲ್‌ಗೂ ಅದೇ ಎಚ್ಚರ ಬೇಕು. ಮುಖ್ಯ ಪತ್ರ ಕಳುಹಿಸಿದ ಮೇಲೆ ‘ತಲುಪಿತೇ?’ ಎಂದು ಕೇಳುವುದರ ಜೊತೆಗೆ ‘ಲಗತ್ತು ತೆರೆಯಿತೇ?’ ಎಂದೂ ಕೇಳಿ. ಕೊನೆಯ ದಿನಕ್ಕೆ ಎರಡು ದಿನ ಮುಂಚಿತವಾಗಿ ಕಳುಹಿಸಿದರೆ ಮತ್ತೆ ಕಳುಹಿಸಲು ಸಮಯವಿರುತ್ತದೆ.

– ಕಾರ್ಯದರ್ಶಿ