ಬಣ್ಣದ ಮಾತು

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಸಾಗುವ ದಾರಿಯಲ್ಲಿ ಕಮಲಾಪುರವೆಂಬ ಊರಿದೆ. ಅಲ್ಲಿಯ ಕೆಂಪು ಬಾಳೆಹಣ್ಣು ಹೆಸರುವಾಸಿಯಾದುದು. ಜಿಲ್ಲೆಯ ಕರಿಯ ಎರೆಭೂಮಿಯಲ್ಲಿ ಬೆಳೆಯುವ ತೊಗರಿಯೂ ಅಷ್ಟೇ ಪ್ರಸಿದ್ಧ. ಹಣ್ಣನ್ನು ಕೆಂಪೆಂದೂ ನೆಲವನ್ನು ಕರಿದೆಂದೂ ಕರೆಯುವುದರಿಂದ ಅವುಗಳಿಗೆ ಯಾವ ಕುಂದೂ ಬಂದಿಲ್ಲ. ಆದರೆ ಕಲಬುರಗಿಯ ಮಾರುಕಟ್ಟೆಯಲ್ಲಿ ಅದೇ ಹಣ್ಣನ್ನು ಸುತ್ತಿಕೊಟ್ಟ ಹಳೆಯ ಪತ್ರಿಕೆಯ ಹಾಳೆಯಲ್ಲಿ ‘ಬೆಳ್ಳಗಿರುವ ವಧು ಬೇಕಾಗಿದ್ದಾಳೆ’ ಎಂಬ ಸಾಲು ಕಣ್ಣಿಗೆ ಬಿದ್ದರೆ, ಅಲ್ಲಿ ಬಣ್ಣದ ಕೆಲಸವೇ ಬೇರೆ. ಹಣ್ಣಿನಲ್ಲಿ ಅದು ಗುರುತು. ಜಾಹೀರಾತಿನಲ್ಲಿ ಅದು ಮನುಷ್ಯರಿಗೆ ಕಟ್ಟಿದ ಬೆಲೆ.

ಮೈಬಣ್ಣ, ಮುಖಲಕ್ಷಣ, ಹುಟ್ಟಿದ ಜನಾಂಗ ಇವುಗಳನ್ನು ನೋಡಿ ಮನುಷ್ಯನ ಯೋಗ್ಯತೆಯನ್ನು ನಿರ್ಧರಿಸುವುದೇ ವರ್ಣಭೇದ. ದಕ್ಷಿಣ ಆಫ್ರಿಕದಲ್ಲಿ 1948ರಿಂದ 1990ರ ದಶಕದ ಆರಂಭದವರೆಗೆ ಅದು ಕಾನೂನಿನ ರೂಪದಲ್ಲಿಯೇ ನಿಂತಿತ್ತು, ಗುರುತಿಸುವುದು ಕಷ್ಟವಾಗಿರಲಿಲ್ಲ. ನಿತ್ಯದ ಸುದ್ದಿ, ಚಲನಚಿತ್ರ, ವಿನೋದಗಳ ಮರೆಯಲ್ಲಿ ಅದು ಸೇರಿಕೊಂಡಾಗ ಮಾತ್ರ ಗುರುತಿಸುವುದು ಸುಲಭವಲ್ಲ. ಅಂತಹ ಸಂದರ್ಭದಲ್ಲಿ ಓದುಗನು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ.

ಮೊದಲನೆಯದು, ಇಲ್ಲಿ ಬಣ್ಣವನ್ನು ಬರಿದೆ ಹೇಳಲಾಗಿದೆಯೇ ಅಥವಾ ಅದರಿಂದ ಮೇಲು ಕೀಳುಗಳನ್ನು ಎಣಿಸಲಾಗಿದೆಯೇ ಎಂಬುದು. ಕಪ್ಪೆಂಬ ಶಬ್ದ ಬಂದಲ್ಲೆಲ್ಲ ದ್ವೇಷವನ್ನು ಹುಡುಕಬೇಕಾಗಿಲ್ಲ. ‘ಕಪ್ಪುಹಣ’ ಎಂದರೆ ಬೆಳಕಿಗೆ ಬಾರದ ಹಣ. ಅದು ಯಾವ ಜನಾಂಗವನ್ನೂ ಕುರಿತದ್ದಲ್ಲ. ಕೃಷ್ಣನ ಹೆಸರಿನ ಅರ್ಥವೇ ಕಪ್ಪು. ಕಸ್ತೂರಿಯ ಬಣ್ಣ ಕಪ್ಪೆಂದು ಅದರ ಪರಿಮಳವನ್ನು ಯಾರೂ ತಿರಸ್ಕರಿಸಿಲ್ಲ. ಇದಕ್ಕೆ ವಿರುದ್ಧವಾಗಿ, 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಎಂಬ ಲೇಪನದ ಜಾಹೀರಾತುಗಳನ್ನು ನೋಡಬಹುದು. ಕಪ್ಪಗಿರುವ ಹುಡುಗಿಗೆ ಉದ್ಯೋಗವಿಲ್ಲ, ವರನಿಲ್ಲ. ಲೇಪನವನ್ನು ಹಚ್ಚಿ ಬೆಳ್ಳಗಾದೊಡನೆ ಎಲ್ಲವೂ ಕೈಗೂಡುತ್ತದೆ. ಇಂತಹ ಕಥೆಗಳನ್ನು ಅವು ಮನೆಮನೆಯಲ್ಲಿ ಹೇಳಿದುವು. 2020ರಲ್ಲಿ, ಅಮೆರಿಕದಲ್ಲಿ ಆರಂಭವಾದ ವರ್ಣಭೇದವಿರೋಧಿ ಚಳವಳಿ ಜಗತ್ತಿನ ಗಮನ ಸೆಳೆದಾಗ, ಕಂಪನಿಯು ಆ ಹೆಸರನ್ನು ‘ಗ್ಲೋ ಅಂಡ್ ಲವ್ಲಿ’ ಎಂದು ಬದಲಾಯಿಸಿತು. ಡಬ್ಬಿಯ ಮೇಲಿನ ಹೆಸರು ಒಂದೇ ದಿನದಲ್ಲಿ ಬದಲಾದೀತು. ನಲವತ್ತೈದು ವರ್ಷ ಆ ಕಥೆಯನ್ನು ಕೇಳಿದ ಮನಸ್ಸು ಹಾಗೆ ಬದಲಾಗುವುದಿಲ್ಲ.

ಎರಡನೆಯದು, ಒಬ್ಬನ ತಪ್ಪನ್ನು ಅವನಂತೆ ಕಾಣುವ ಎಲ್ಲರ ಮೇಲೆ ಹೊರಿಸಲಾಗಿದೆಯೇ ಎಂಬುದು. 2016ರ ಜನವರಿ 31ರಂದು ಬೆಂಗಳೂರಿನಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಹಾಯ್ದು ಸ್ಥಳೀಯ ಮಹಿಳೆಯೊಬ್ಬರು ಮೃತಪಟ್ಟರು. ಆ ಬಳಿಕ ಅದೇ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯೊಬ್ಬಳ ಮೇಲೆ ಉದ್ರಿಕ್ತ ಗುಂಪು ಹಲ್ಲೆ ನಡೆಸಿತು. ದೇಶ ಬೇರೆ, ವ್ಯಕ್ತಿ ಬೇರೆ. ಅಪಘಾತಕ್ಕೂ ಆಕೆಗೂ ಯಾವ ಸಂಬಂಧವೂ ಇರಲಿಲ್ಲ. ಗುಂಪು ಕಂಡದ್ದು ಮೈಬಣ್ಣವನ್ನು ಮಾತ್ರ. ಅಪರಾಧದ ವರದಿಯಲ್ಲಿ ಆರೋಪಿಯ ಜನಾಂಗವನ್ನು ಅಗತ್ಯವಿಲ್ಲದಿದ್ದರೂ ತಲೆಬರಹದಲ್ಲಿ ಎತ್ತಿ ಹೇಳುವ ಅಭ್ಯಾಸವು ಇಂತಹ ಕುರುಡುತನವನ್ನೇ ಪೋಷಿಸುತ್ತದೆ.

ಮೂರನೆಯದು, ಚಿತ್ರವನ್ನು ಬರೆದವರು ಯಾರು, ಯಾರ ಮೆಚ್ಚುಗೆಗಾಗಿ ಎಂಬುದು. 1347ರಲ್ಲಿ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡ ಬಹಮನಿ ರಾಜ್ಯದಲ್ಲಿ ಆಫ್ರಿಕ ಮೂಲದ ಹಬಶಿಗಳು ಸೈನ್ಯದಲ್ಲಿಯೂ ಆಡಳಿತದಲ್ಲಿಯೂ ಸೇವೆ ಸಲ್ಲಿಸಿದ್ದರು. ಮುಂದೆ ಇದೇ ದಖ್ಖನಿನಲ್ಲಿ ಇಥಿಯೋಪಿಯದಿಂದ ಗುಲಾಮನಾಗಿ ಬಂದ ಮಲಿಕ್ ಅಂಬರನು ಅಹಮದ್‌ನಗರದ ರಾಜ್ಯಸೂತ್ರವನ್ನು ಹಿಡಿದು ಮೊಗಲರನ್ನು ದೀರ್ಘಕಾಲ ತಡೆದು ನಿಲ್ಲಿಸಿದನು. ಜಹಾಂಗೀರ್ ಬಾದಶಹನಿಗೆ ಅವನನ್ನು ಸೆರೆಹಿಡಿಯಲಾಗಲಿಲ್ಲ, ಕೊಲ್ಲಲೂ ಆಗಲಿಲ್ಲ. ಆದರೂ ಆಸ್ಥಾನದ ಚಿತ್ರಕಾರ ಅಬುಲ್ ಹಸನನು ಅಂಬರನ ಕಡಿದ ತಲೆಗೆ ಬಾದಶಹನು ಬಾಣವೆಸೆಯುತ್ತಿರುವಂತೆ ಚಿತ್ರಿಸಿದನು. ರಣರಂಗದಲ್ಲಿ ದೊರೆಯದ ಜಯವು ಕಾಗದದ ಮೇಲೆ ದೊರೆಯಿತು. ಆ ಚಿತ್ರವನ್ನಷ್ಟೇ ನೋಡಿದವನು ಅಂಬರನನ್ನು ಸೋತವನೆಂದೇ ನಂಬಿಯಾನು.

ಉತ್ತರ ಕನ್ನಡದ ಅರಣ್ಯಪ್ರದೇಶದಲ್ಲಿ ತಲೆಮಾರುಗಳಿಂದ ನೆಲೆಸಿರುವ ಸಿದ್ದಿಗಳ ಪೂರ್ವಜರೂ ಆಫ್ರಿಕದವರು. ಅವರು ಕನ್ನಡವನ್ನಾಡುವ ಕನ್ನಡಿಗರೇ; ಆ ಸಮುದಾಯದ ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆದರೂ ಬಣ್ಣವನ್ನೂ ಗುಂಗುರುಕೂದಲನ್ನೂ ನೋಡಿ ಸಿದ್ದಿಗಳನ್ನು ‘ನೀವು ಯಾವ ದೇಶದವರು?’ ಎಂದು ಕೇಳುವವರಿದ್ದಾರೆ. ಕೇಳಿದವನು ಅದನ್ನು ಮರೆತಾನು, ಕೇಳಿಸಿಕೊಂಡವನು ಮರೆಯಲಾರನು.

ಈ ನೋವಿನ ಒಂದು ಅಂಶವನ್ನು ಕಲಬುರಗಿಯ ಜನರೂ ಬಲ್ಲರು. ತಾವು ಮನೆಯಲ್ಲಾಡುವ ಕನ್ನಡವನ್ನು ಚಲನಚಿತ್ರದ ಹಾಸ್ಯಪಾತ್ರದ ಬಾಯಲ್ಲಿ ಕೇಳಿ, ಸುತ್ತಲಿನವರು ನಗುವಾಗ ಸುಮ್ಮನೆ ಕುಳಿತ ಅನುಭವ ಅನೇಕರಿಗುಂಟು. ಅದು ವರ್ಣಭೇದವಲ್ಲ, ನಿಜ. ಆದರೆ ಹುಟ್ಟಿನಿಂದ ಬಂದುದನ್ನು ನಗೆಗೀಡುಮಾಡಿದಾಗ ಮನಸ್ಸು ಹೇಗೆ ಕುಗ್ಗುತ್ತದೆಂಬುದನ್ನು ಅದು ಕಲಿಸುತ್ತದೆ. ಅದನ್ನು ಅರಿತವನು ಮತ್ತೊಬ್ಬರ ಬಣ್ಣವನ್ನು ಕುರಿತ ಹಾಸ್ಯಕ್ಕೆ ನಗುವ ಮೊದಲು ಒಂದು ಕ್ಷಣ ತಡೆಯುತ್ತಾನೆ.

ಜನಾಂಗ, ಜಾತಿ, ಹುಟ್ಟಿದ ಸ್ಥಳ ಮೊದಲಾದವುಗಳ ಆಧಾರದಿಂದ ರಾಜ್ಯವು ಯಾವ ಪ್ರಜೆಗೂ ತಾರತಮ್ಯವೆಸಗಬಾರದೆಂದು ನಮ್ಮ ಸಂವಿಧಾನದ 15ನೆಯ ಅನುಚ್ಛೇದವು ವಿಧಿಸಿದೆ. ಕಾನೂನು ರಾಜ್ಯದ ಕೈಯನ್ನು ಕಟ್ಟಬಲ್ಲದು. ಪತ್ರಿಕೆಯನ್ನು ಓದುವ ಕಣ್ಣನ್ನೂ ಚಿತ್ರಮಂದಿರದಲ್ಲಿ ನಗುವ ಬಾಯನ್ನೂ ತಿದ್ದಿಕೊಳ್ಳಬೇಕಾದವರು ಮಾತ್ರ ಓದುಗರೂ ಪ್ರೇಕ್ಷಕರೂ ಆದ ಪ್ರಜೆಗಳೇ.