ಎಲ್ಲ ಎದೆಯುರಿಯೂ ಗ್ಯಾಸ್ ಅಲ್ಲ



ಕಳೆದ ಚಳಿಗಾಲದ ಒಂದು ರಾತ್ರಿ. ಬೇಗೂರಿನ ನಮ್ಮ ಮಸೀದಿಯಲ್ಲಿ ಇಶಾ ನಮಾಝ್ ಮುಗಿದಿತ್ತು. ಯಾವಾಗಲೂ ಮೊದಲ ಸಫ್‌ನಲ್ಲಿ ನಿಲ್ಲುತ್ತಿದ್ದ ಸಹೋದರರೊಬ್ಬರು ಗೋಡೆಗೆ ಒರಗಿ ಕುಳಿತಿದ್ದರು. ವಯಸ್ಸು ಐವತ್ತರ ಆಸುಪಾಸು. ಹೊಸೂರು ರಸ್ತೆಯ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ ಇತ್ತು. ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಎರಡು ಸಲ ಓಕರಿಕೆ, ಆ ಚಳಿಯಲ್ಲೂ ಹಣೆ ತುಂಬ ಬೆವರು. "ಏನಿಲ್ಲ ಹಜ್ರತ್, ಮಧ್ಯಾಹ್ನ ದಾವತ್‌ನಲ್ಲಿ ಬಿರಿಯಾನಿ ಜಾಸ್ತಿ ಆಯ್ತು. ಗ್ಯಾಸ್ ಅಷ್ಟೆ" ಎಂದರು. ಸುತ್ತ ನೆರೆದವರೂ ಗ್ಯಾಸ್ ಎಂದೇ ಹೇಳಿದರು. ಒಬ್ಬರು ಸೋಡಾ ತಂದರು, ಇನ್ನೊಬ್ಬರು ಓಮದ ನೀರು. ನಾವು ಓದಿ ಊದಿದ ನೀರು ಕುಡಿಸಿದೆವು. ತೇಗು ಬಂತು, ಸ್ವಲ್ಪ ಹಗುರವಾಯಿತು ಎಂದು ಹೇಳಿ ನಡೆದುಕೊಂಡೇ ಮನೆಗೆ ಹೋದರು. ಫಜ್ರ್‌ಗೆ ಮುಂಚೆ ಅವರ ಮಗ ಬಂದು ನಮ್ಮ ಕೋಣೆಯ ಬಾಗಿಲು ತಟ್ಟಿದ. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಮರಣದ ಗಳಿಗೆ ಅಲ್ಲಾಹನ ಕೈಯಲ್ಲಿದೆ, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಆ ರಾತ್ರಿ ನಮ್ಮ ಕೈಯಲ್ಲಿ ಏನಿತ್ತು ಎಂಬುದು ಬೇರೆಯೇ ಪ್ರಶ್ನೆ. ದುಆ ಮಾಡಿದ್ದು ತಪ್ಪಲ್ಲ. ದುಆ ಮಾಡಿ ಸುಮ್ಮನೆ ಕುಳಿತದ್ದು ತಪ್ಪು. ಒಂಟೆಯನ್ನು ಮೊದಲು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಪ್ರವಾದಿ(ಸ)ರ ಉಪದೇಶವನ್ನು ನಾವೇ ಮಿಂಬರ್ ಮೇಲಿಂದ ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಅಂದು ನಮ್ಮ ಮುಂದೆ ಇದ್ದ ಒಂಟೆಯನ್ನು ನಾವು ಕಟ್ಟಲಿಲ್ಲ. ಆ ನಂತರ ನಮ್ಮ ಜಮಾಅತ್‌ನ ವೈದ್ಯರನ್ನು, ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ಒಬ್ಬ ಯುವಕನನ್ನು ಕೂರಿಸಿಕೊಂಡು ಕೇಳಿದೆವು. ಎರಡು ಜುಮಾಗಳಲ್ಲಿ ಹೇಳಿದ ವಿಷಯಗಳೇ ಇಲ್ಲಿ ಸ್ವಲ್ಪ ವಿಸ್ತಾರವಾಗಿವೆ.

ಕಾಣುವುದು ಒಂದು, ಕಾರಣ ಹಲವು

ಆ ಯುವಕ ಮೊದಲು ಹೇಳಿದ ಮಾತು ಇದು: "ಹಜ್ರತ್, ನಮ್ಮ ಹತ್ತಿರ ಯಾರೂ ಕಾಯಿಲೆಯ ಹೆಸರು ಹೊತ್ತು ಬರುವುದಿಲ್ಲ. ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ಇಲ್ಲ, ಹೊಟ್ಟೆನೋವು, ಇಷ್ಟೇ ಹೇಳಿಕೊಂಡು ಬರುತ್ತಾರೆ. ಕಾರಣ ಹುಡುಕುವುದು ನಮ್ಮ ಕೆಲಸ. ಮನೆಯವರು ಕಾರಣವನ್ನೂ ತಾವೇ ತೀರ್ಮಾನಿಸಿಬಿಟ್ಟರೆ ನಮ್ಮ ಹತ್ತಿರ ಬರುವುದೇ ಇಲ್ಲ."

ಎದೆನೋವನ್ನೇ ನೋಡಿ. ಆಮ್ಲ ಮೇಲಕ್ಕೆ ಬಂದರೂ ಎದೆ ಉರಿಯುತ್ತದೆ. ಭಾರ ಎತ್ತಿ ಪಕ್ಕೆಲುಬಿನ ಸ್ನಾಯು ಹಿಡಿದರೂ ನೋಯುತ್ತದೆ. ನ್ಯುಮೋನಿಯಾದಲ್ಲಿ ಉಸಿರೆಳೆದಾಗ ಚುಚ್ಚುತ್ತದೆ. ಆಪರೇಷನ್ ಆಗಿ ವಾರಗಟ್ಟಲೆ ಹಾಸಿಗೆಯಲ್ಲಿ ಇದ್ದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಆ ತುಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೂ ಎದೆ ನೋಯುತ್ತದೆ. ಬಹುಕಾಲ ಬಿ.ಪಿ. ಹತೋಟಿಯಲ್ಲಿ ಇಲ್ಲದವರಲ್ಲಿ ದೇಹದ ದೊಡ್ಡ ರಕ್ತನಾಳದ ಒಳಪದರ ಸೀಳಿದರೆ ಬೆನ್ನನ್ನು ಹರಿದಂತೆ ನೋವು ಬರುತ್ತದೆ. ಇವುಗಳ ಜೊತೆಗೆ ಹೃದಯಾಘಾತ. ಕೆಲವು ಮಾತ್ರೆಯಲ್ಲಿ ಹೋಗುವಂಥವು, ಕೆಲವು ಗಂಟೆಗಳಲ್ಲಿ ಪ್ರಾಣ ತೆಗೆಯುವಂಥವು.

ಹೃದಯದ ನೋವು ಹೊಟ್ಟೆಯಲ್ಲಿ ಕಾಣಿಸುವುದೇಕೆ ಎಂದು ನಾವು ಕೇಳಿದೆವು. ಹೃದಯದಿಂದ ಹೊರಡುವ ನರಗಳು, ತೋಳು, ದವಡೆ, ಹೊಟ್ಟೆಯ ಮೇಲ್ಭಾಗದಿಂದ ಬರುವ ನರಗಳು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಮೆದುಳಿಗೆ ಸುದ್ದಿ ಒಯ್ಯುತ್ತವೆಯಂತೆ. ಸುದ್ದಿ ಎಲ್ಲಿಂದ ಬಂತೆಂದು ಮೆದುಳಿಗೆ ಗೊಂದಲ. ಹೃದಯದ ಕೆಳಗೋಡೆ ವಪೆಯ ಮೇಲೆ, ಜಠರಕ್ಕೆ ಹತ್ತಿರವೇ ಕುಳಿತಿದೆ. ಅಲ್ಲಿ ಆಘಾತವಾದರೆ ಉರಿ, ಓಕರಿಕೆ, ವಾಂತಿ ಹೆಚ್ಚು. ಸಿನಿಮಾದಲ್ಲಿ ತೋರಿಸುವ ಹಾಗೆ ಎಡ ಎದೆ ಹಿಡಿದು ಬೀಳುವವರೇ ಎಲ್ಲರೂ ಅಲ್ಲ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಬೆವರು, ಉಸಿರು ಸಿಕ್ಕದಿರುವುದು, ಇಷ್ಟರಲ್ಲೇ ಹೃದಯಾಘಾತ ನಡೆದುಹೋಗಬಹುದು. ತೇಗು ಬಂದು ಹಗುರವಾಯಿತು ಎಂಬುದು ಯಾವ ಪುರಾವೆಯೂ ಅಲ್ಲ ಎಂದಾಗ ನಮಗೆ ಆ ರಾತ್ರಿಯ ಸೋಡಾ ಬಾಟಲಿ ನೆನಪಾಯಿತು.

ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳದಲ್ಲಿ ಹೆಪ್ಪು ಕಟ್ಟಿದ ಅರ್ಧ ಗಂಟೆಯೊಳಗೆ ಸ್ನಾಯು ಸಾಯಲು ತೊಡಗುತ್ತದೆ. ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ 12 ಗಂಟೆಯೊಳಗೆ ಕೊಡುತ್ತಾರೆ, ಆದರೆ ಮೊದಲ ಒಂದೆರಡು ಗಂಟೆಯಲ್ಲಿ ಸಿಗುವ ಲಾಭ ಆಮೇಲೆ ಸಿಗದು. ಆದ್ದರಿಂದಲೇ ಎದೆನೋವು ಎಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕೆಂದು ವೈದ್ಯಕೀಯ ನಿಯಮವಿದೆ. ಮೊದಲ ಇಸಿಜಿ ಸರಿಯಾಗಿಯೇ ಕಾಣಬಹುದು. ರಕ್ತದ ಪರೀಕ್ಷೆಯಲ್ಲಿ ಸುಳಿವು ಸಿಗಲು ಕೆಲವು ಗಂಟೆ ಬೇಕು. "ಇನ್ನೂ ಮೂರು ಗಂಟೆ ಇರಿ, ಮತ್ತೆ ನೋಡೋಣ" ಎಂದು ವೈದ್ಯರು ಹೇಳಿದರೆ ಬಿಲ್ ಹೆಚ್ಚಿಸಲು ಹೇಳುತ್ತಿದ್ದಾರೆ ಎಂದುಕೊಂಡು ಸಹಿ ಹಾಕಿ ಹೊರಡಬೇಡಿ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯ ಸ್ತಂಭನದಿಂದ ತೀರಿಕೊಂಡ ದಿನ ನಮ್ಮ ಓಣಿಯ ಹುಡುಗರೂ ಅತ್ತದ್ದನ್ನು ನಾವು ನೋಡಿದ್ದೇವೆ. ಅವರ ಹೆಸರಿನಲ್ಲಿ ಕರ್ನಾಟಕ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಜಯದೇವದಂತಹ ಹೃದ್ರೋಗ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ಆ ದುಬಾರಿ ಇಂಜೆಕ್ಷನ್ನನ್ನು ಅಲ್ಲಿಯೇ ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಊರಿನಲ್ಲಿ ತಂದೆತಾಯಿಯರನ್ನು ಬಿಟ್ಟು ಇಲ್ಲಿ ಕೆಲಸಕ್ಕೆ ಬಂದವರು ಇದನ್ನು ಇಂದೇ ಫೋನ್ ಮಾಡಿ ಮನೆಗೆ ಹೇಳಿರಿ. ಬೆಂಗಳೂರಿಗೇ ಕರೆತರುತ್ತೇವೆಂದು ಹೊರಟು ದಾರಿಯಲ್ಲಿ ನಾಲ್ಕು ಗಂಟೆ ಕಳೆಯುವ ಬದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಮೊದಲು ಹೋಗಲಿ.

ನಮ್ಮವರಿಗೆ ಇದು ಬೇಗ ಬರುತ್ತದೆ ಎಂಬುದೂ ನಿಜ. ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಕೆನಡಾದಲ್ಲಿ ಹೆಸರು ಮಾಡಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತ ದಕ್ಷಿಣ ಏಷ್ಯಾದವರಿಗೆ ಸರಾಸರಿ 53ನೇ ವಯಸ್ಸಿನಲ್ಲಿ, ಉಳಿದವರಿಗೆ ಸುಮಾರು 59ರಲ್ಲಿ ಎಂದು ಅದರ ಅಂಕಿಗಳಿಂದ ತಿಳಿಯಿತು. ಹೊಗೆ, ಸಕ್ಕರೆ, ಬಿ.ಪಿ., ಕೊಬ್ಬು, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಮೊದಲಾದ ಒಂಬತ್ತು ಅಂಶಗಳೇ ಅಪಾಯದ ಬಹುಪಾಲಿಗೆ ಕಾರಣ ಎಂದೂ ಅದು ತೋರಿಸಿತು. ಎಲೆಕ್ಟ್ರಾನಿಕ್ ಸಿಟಿಯ ರಾತ್ರಿ ಪಾಳಿ ಮುಗಿಸಿ ಟೀ ಅಂಗಡಿ ಮುಂದೆ ಸಿಗರೇಟು ಹಚ್ಚುವ ಮೂವತ್ತೈದರ ಸಹೋದರರು "ನನ್ನ ವಯಸ್ಸಿಗೆ ಹಾರ್ಟ್ ಅಟ್ಯಾಕಾ?" ಎಂದು ನಗುತ್ತಾರೆ. ಆ ನಗು ನಮಗೆ ಹೆದರಿಕೆ ತರುತ್ತದೆ.

ಹಾಗೆಂದು ಇನ್ನೊಂದು ತುದಿಗೂ ಹೋಗಬೇಕಾಗಿಲ್ಲ. 2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹರಡಿ, ಆರೋಗ್ಯವಂತರೂ ಜಯದೇವದ ಮುಂದೆ ಸಾಲುಗಟ್ಟಿದರು. ಸರ್ಕಾರದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿದಾಗ ನಾಲ್ಕಕ್ಕೆ ಹೃದಯ ಕಾರಣವೇ ಆಗಿರಲಿಲ್ಲ. ಅದರಲ್ಲಿ ರಸ್ತೆ ಅಪಘಾತ, ವಿದ್ಯುತ್ ಆಘಾತದ ಸಾವೂ ಸೇರಿದ್ದವು. ವಾಟ್ಸಾಪ್‌ನಲ್ಲಿ ಮಾತ್ರ ಎಲ್ಲವೂ ಹಾರ್ಟ್ ಅಟ್ಯಾಕ್. ಅಂದು ಮಸೀದಿಯಲ್ಲಿ ಎಲ್ಲವೂ ಗ್ಯಾಸ್ ಆಗಿದ್ದ ಹಾಗೆ.

ಬಿದ್ದವರು, ತೊದಲಿದವರು

ಒಬ್ಬರು ಕುಸಿದು ಬಿದ್ದರೆ ನಮ್ಮಲ್ಲಿ ಎರಡೇ ವಿವರಣೆ: "ಬಿ.ಪಿ. ಲೋ ಆಯ್ತು" ಅಥವಾ "ನಝರ್ ಆಯ್ತು". ಬಿಸಿಲಿನಲ್ಲಿ ಜುಮಾಕ್ಕೆ ನಿಂತು ತಲೆಸುತ್ತಿ ಬಿದ್ದು, ಮಲಗಿಸಿ ಕಾಲು ಎತ್ತಿದ ಕೂಡಲೇ ಎಚ್ಚರಗೊಳ್ಳುವ ಹುಡುಗನದು ಸಾಮಾನ್ಯವಾಗಿ ಭಯವಿಲ್ಲದ್ದು. ಓಡುವಾಗ, ಮೆಟ್ಟಿಲು ಹತ್ತುವಾಗ ಅಥವಾ ಎದೆ ಹೊಡೆದುಕೊಂಡು ಬಿದ್ದರೆ ಅದು ಹೃದಯದ ಲಯಕ್ಕೆ ಸಂಬಂಧಿಸಿದ್ದಿರಬಹುದು, ಅದೇ ದಿನ ತೋರಿಸಬೇಕು.

ಮುಖ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಎಂದು ಭಾವಿಸಿ ಹೊರಡಬೇಕು. ಮೆದುಳಿನ ರಕ್ತನಾಳ ಕಟ್ಟಿಕೊಂಡಿರಬಹುದು, ಇಲ್ಲವೇ ಒಡೆದಿರಬಹುದು. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಒಂದಕ್ಕೆ ರಕ್ತದ ಹೆಪ್ಪು ಕರಗಿಸುವ ಔಷಧಿ, ಇನ್ನೊಂದಕ್ಕೆ ಅದೇ ಔಷಧಿ ಮಾರಕ. ಸಿಟಿ ಸ್ಕ್ಯಾನ್ ಮಾಡದೆ ಯಾವ ದೊಡ್ಡ ವೈದ್ಯರಿಗೂ ಖಚಿತವಾಗಿ ಹೇಳಲಾಗದು. ಕರಗಿಸುವ ಔಷಧಿಗೆ ನಾಲ್ಕೂವರೆ ಗಂಟೆಯ ಗಡುವು ಇದೆ. ಆ ಗಡುವು ರೋಗಿ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ ಶುರು. ಆದ್ದರಿಂದ "ಯಾವಾಗ ಸರಿಯಾಗಿದ್ದರು?" ಎಂದು ವೈದ್ಯರು ಮತ್ತೆ ಮತ್ತೆ ಕೇಳುತ್ತಾರೆ. ಹೊಸೂರು ರಸ್ತೆಯ ನಿಮ್ಹಾನ್ಸ್ ನಮಗೆ ದೂರವೇನಲ್ಲ. ಆದರೆ ಮೊದಲು ಎಣ್ಣೆ ತಿಕ್ಕಿಸಿ, ನಾಟಿ ಔಷಧಿಗೆ ಕರೆದೊಯ್ದು, ಮರುದಿನ ಅಲ್ಲಿಗೆ ಹೋದರೆ ದೂರ ಹತ್ತಿರದ ಮಾತೇ ಉಳಿಯುವುದಿಲ್ಲ. ಅಂಥವರ ಬಾಯಿಗೆ ನೀರು, ಝಂಝಂ ಆದರೂ ಸರಿ, ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಇದೇ ವೇಷದಲ್ಲಿ ಇನ್ನೊಂದು ಬರುತ್ತದೆ: ಸಕ್ಕರೆ ಇಳಿದುಹೋಗುವುದು. ಬೆವರು, ನಡುಕ, ಅಸಂಬದ್ಧ ಮಾತು, ಕೊನೆಗೆ ಪ್ರಜ್ಞೆ ತಪ್ಪುವುದು. ಬೀದಿಯಲ್ಲಿ ಹೀಗೆ ತೂರಾಡುವವರನ್ನು ಕುಡಿದವರೆಂದು ಜನ ದಾಟಿಕೊಂಡು ಹೋಗುತ್ತಾರೆ. ಎಚ್ಚರವಿದ್ದು ನುಂಗಬಲ್ಲವರಿಗೆ ಸಕ್ಕರೆ ನೀರು ಕೊಡಿ; ಪ್ರಜ್ಞೆ ಇಲ್ಲದವರಿಗೆ ಬಾಯಲ್ಲಿ ಏನೂ ಬೇಡ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆ ಎದ್ದು ಕುಳಿತರೂ ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯಬಹುದು, ಹಾಗಾಗಿ ಆಸ್ಪತ್ರೆ ಬೇಕೇ ಬೇಕು. ರಮಝಾನ್‌ಗೆ ಮುಂಚೆ ಇಂಥವರು ವೈದ್ಯರ ಬಳಿ ಹೋಗಿ ಔಷಧಿಯ ಪ್ರಮಾಣ, ಹೊತ್ತು ಬದಲಿಸಿಕೊಳ್ಳಬೇಕು. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ಉಪವಾಸ ಮುರಿಯುವುದಿಲ್ಲ. 70ಕ್ಕಿಂತ ಕೆಳಗೆ ಬಂದರೆ ಇಫ್ತಾರ್‌ಗೆ ಹತ್ತೇ ನಿಮಿಷ ಇದ್ದರೂ ಮುರಿಯಲೇಬೇಕು. ರೋಗಿಗಳಿಗೆ ರಿಯಾಯಿತಿ ಕೊಟ್ಟವನು ಅಲ್ಲಾಹನೇ. ಸೂರಃ ಅಲ್ ಬಕರಃದಲ್ಲಿ ಅದು ಸ್ಪಷ್ಟವಾಗಿದೆ. ಅವನು ಕೊಟ್ಟ ರಿಯಾಯಿತಿಯನ್ನು ತಿರಸ್ಕರಿಸುವುದನ್ನು ತಖ್ವಾ ಎಂದು ನಾವು ಹೇಳಲಾರೆವು.

ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು, ಇವು ಯಾವುದರಿಂದಲೂ ಉಪಯೋಗವಿಲ್ಲ. ಮಗ್ಗುಲಿಗೆ ಹೊರಳಿಸಿ, ತಲೆಗೆ ಪೆಟ್ಟಾಗದಂತೆ ನೋಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ತುರ್ತು.

ಉಸಿರಾಟದ ತೊಂದರೆ ಎಂದರೆ ನಾವೆಲ್ಲ ದಮ್ಮು, ಧೂಳು ಎನ್ನುತ್ತೇವೆ. ಬೊಮ್ಮನಹಳ್ಳಿ ಸಿಗ್ನಲ್ಲಿನ ಧೂಳಿಗೆ ಆಸ್ತಮಾ ಕೆರಳುವುದು ಸಹಜವೇ. ಆದರೆ ರಾತ್ರಿ ಮಲಗಿದ ಅಜ್ಜಿ ಉಸಿರುಕಟ್ಟಿ ಎದ್ದು ಕೂರುತ್ತಿದ್ದರೆ, ಕಾಲು ಊದಿದ್ದರೆ, ದುರ್ಬಲ ಹೃದಯದಿಂದ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಅವರನ್ನು ಬಲವಂತವಾಗಿ ಮಲಗಿಸದೆ, ಕೂರಿಸಿಯೇ ಕರೆದೊಯ್ಯಿರಿ. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಿ ಉಸಿರಿಗೆ ತಡಕಾಡಿದರೆ ಗಂಟಲಿಗೆ ಕಡಲೆಬೀಜ ಹೋಗಿರಬಹುದೇ ಎಂದು ಮೊದಲು ಯೋಚಿಸಿ.

ನಾಚಿಕೆಯಿಂದ ಮುಚ್ಚಿಟ್ಟದ್ದು

ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿ ಇದನ್ನು ಬರೆಯುತ್ತಿದ್ದೇವೆ. ಹನ್ನೆರಡು ಹದಿನೈದರ ಹುಡುಗರಿಗೆ ಇದ್ದಕ್ಕಿದ್ದಂತೆ ಕಿಬ್ಬೊಟ್ಟೆ ನೋವು, ವಾಂತಿ ಬರುತ್ತದೆ. ಕೆಲವೊಮ್ಮೆ ನಿಜವಾದ ನೋವು ಇರುವುದು ವೃಷಣದಲ್ಲಿ. ಅದು ತಿರುಚಿಕೊಂಡು ರಕ್ತ ನಿಂತಿರುತ್ತದೆ. ಆರು ಗಂಟೆಯೊಳಗೆ ಆಪರೇಷನ್ ಆದರೆ ಬಹುತೇಕ ಉಳಿಯುತ್ತದೆ, ತಡವಾದಷ್ಟೂ ಕಳೆದುಕೊಳ್ಳುವ ಸಂಭವ ಹೆಚ್ಚು. ಹುಡುಗ ತಾಯಿಗೆ ಹೇಳಲು ನಾಚುತ್ತಾನೆ, ತಂದೆ ಕೆಲಸಕ್ಕೆ ಹೋಗಿರುತ್ತಾರೆ. ತಂದೆಯಂದಿರು ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಬೇಕು. ಮದರಸಾದ ದೊಡ್ಡ ಹುಡುಗರಿಗೆ ನಾವೇ ಹೇಳಿದ್ದೇವೆ.

ಹಾಗೆಯೇ ಮದುವೆಯಾದ ಹೆಣ್ಣುಮಗಳಿಗೆ ಮುಟ್ಟು ತಡವಾಗಿ, ಒಂದು ಕಡೆ ಹೊಟ್ಟೆನೋವು, ತಲೆಸುತ್ತು ಬಂದರೆ, ಗರ್ಭವು ಗರ್ಭಕೋಶದ ಹೊರಗೆ ನಾಳದಲ್ಲಿ ನಿಂತು ಆ ನಾಳ ಒಡೆದಿರಬಹುದು. ಹೊರಗೆ ರಕ್ತ ಕಾಣದೆಯೇ ಒಳಗೆ ಸುರಿಯುತ್ತದೆ. ಲೇಡಿ ಡಾಕ್ಟರ್ ಬೆಳಿಗ್ಗೆ ಸಿಗುತ್ತಾರೆ, ಅಲ್ಲಿಯವರೆಗೆ ತಡೆದುಕೊ ಎಂದು ಅತ್ತೆ ಹೇಳುವ ಹೊತ್ತು ಇದಲ್ಲ. ಪ್ರಾಣಕ್ಕೆ ಅಪಾಯವಿರುವಾಗ ಯಾವ ವೈದ್ಯರು ಸಿಗುತ್ತಾರೋ ಅವರೇ ನೋಡಬಹುದು. ಅನಿವಾರ್ಯ ಸ್ಥಿತಿಯಲ್ಲಿ ನಿಷೇಧ ಸಡಿಲವಾಗುತ್ತದೆ ಎಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ. ಉಸಿರಾಟ ನಿಂತು ಬಿದ್ದ ಹೆಂಗಸಿನ ಎದೆಯ ಮಧ್ಯೆ ಒತ್ತಿ ಜೀವ ಉಳಿಸಲು ಗಂಡಸೇ ಎದುರಿಗಿದ್ದರೆ ಅವನೇ ಒತ್ತಬೇಕು: ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಐದು ಸೆಂಟಿಮೀಟರ್ ಆಳ, ಆಂಬುಲೆನ್ಸ್ ಬರುವವರೆಗೆ.

ಕರೆಯಬೇಕಾದದ್ದು 108 ಅಥವಾ 112. ಬೇಗೂರು ರಸ್ತೆಯ ಸಂಜೆಯ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ತಡವಾಗುವಂತಿದ್ದರೆ ಯಾರದಾದರೂ ಕಾರಿನಲ್ಲಿ ಹೊರಡಿ, ರೋಗಿಯನ್ನು ಮಾತ್ರ ಬೈಕ್ ಓಡಿಸಲು ಬಿಡಬೇಡಿ. ಮಸೀದಿಯ ಆಫೀಸಿನಲ್ಲಿ ಈಗ ಒಂದು ರಿಜಿಸ್ಟರ್ ಇಟ್ಟಿದ್ದೇವೆ. ರಾತ್ರಿ ಕಾರು ಕೊಡಲು ಒಪ್ಪಿದ ಸಹೋದರರ ನಂಬರುಗಳು ಅದರಲ್ಲಿವೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಸಿಟಿ ಸ್ಕ್ಯಾನ್ ನಡೆಯುತ್ತದೆ ಎಂಬುದನ್ನೂ ಬರೆದಿದ್ದೇವೆ. ಹೋಗುವಾಗ ರೋಗಿಯ ಮಾತ್ರೆಗಳ ಕವರ್ ಪೂರ್ತಿ ಎತ್ತಿಕೊಂಡು ಹೋಗಿ, ತೊಂದರೆ ಶುರುವಾದ ಹೊತ್ತನ್ನು ಅಂಗೈ ಮೇಲಾದರೂ ಬರೆದುಕೊಳ್ಳಿ. ರಿಜಿಸ್ಟರ್‌ನ ಮೊದಲ ಪುಟದಲ್ಲಿ ಹೆಸರು ಬರೆಸಿದವನು, ಅಂದು ಫಜ್ರ್‌ಗೆ ಮುಂಚೆ ನಮ್ಮ ಬಾಗಿಲು ತಟ್ಟಿದ ಆ ಮಗ.